ಕನಸು ಅಂತ ಗೊತ್ತಾದ ಮೇಲೆ ಉಕ್ಕಬೇಡಿ

ನನ್ನ ತಂಗಿಯ ಮಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹೋದ ಭಾನುವಾರ ಊಟಕ್ಕೆ ಬಂದವನು ಮುದ್ದೆ ಮುರಿಯುತ್ತಾ ಹೇಳಿದ: "ದೊಡ್ಡಮ್ಮ, ರಾತ್ರಿ ಮತ್ತೆ ಆಯ್ತು. ಇದು ಕನಸು ಅಂತ ಗೊತ್ತಾಯ್ತು. ಖುಷಿಗೆ ಕಿರುಚಿಬಿಟ್ಟೆ. ಅಷ್ಟೇ, ಎಚ್ಚರ. ಎಲ್ಲಾ ಸೇರಿ ಮೂರು ಸೆಕೆಂಡ್ ಇರಬಹುದು."

"ಕಿರುಚಿದ್ದು ಯಾಕೋ?" ಅಂದೆ.

"ಹಾರಬಹುದಲ್ವಾ ದೊಡ್ಡಮ್ಮ! ಏನು ಬೇಕಾದ್ರೂ ಮಾಡಬಹುದಲ್ವಾ!"

ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಜಾಸ್ತಿ ಸೇರಿಸಿ. ಕನಸಿನೊಳಗೆ ಎಚ್ಚರವಾಗುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಎಚ್ಚರವಾದ ಮೇಲೆ ಅಲ್ಲೇ ನಿಲ್ಲುವುದು ಹೇಗೆ ಅನ್ನುವುದೇ ಕಷ್ಟದ ಭಾಗ. ನನಗೆ ಅದು ಕೈಗೆ ಹತ್ತಲು ಆರು ವರ್ಷ ಬೇಕಾಯಿತು.

ನಾನು ಮಂಡ್ಯದ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲ್ಯಾಬ್ ನೋಡಿಕೊಳ್ಳುವವಳು. ಮನೆ ಮೈಸೂರು. ದಿನಾ ಟ್ರೈನಿನಲ್ಲಿ ಹೋಗಿ ಬರುತ್ತೇನೆ. ಧ್ಯಾನ ಗೀನ ಕಲಿತವಳಲ್ಲ. ಟ್ರೈನಿನಲ್ಲಿ ಸೀಟು ಸಿಕ್ಕರೆ ನಿದ್ದೆ ಮಾಡುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದೇನೆ.

ಇಂಥ ಕನಸಿಗೆ ಎಲ್ಲರೂ ಲೂಸಿಡ್ ಡ್ರೀಮ್ ಅನ್ನುತ್ತಾರೆ. 1913ರಲ್ಲಿ ಫ್ರೆಡರಿಕ್ ವಾನ್ ಈಡನ್ ಅನ್ನುವ ಡಚ್ ವೈದ್ಯರು ತಮ್ಮದೇ ಕನಸುಗಳ ಬಗ್ಗೆ ಬರೆದಾಗ ಈ ಹೆಸರು ಬಳಕೆಗೆ ಬಂತು. ನಾನು ನನ್ನ ಪುಸ್ತಕದಲ್ಲಿ ತಿಳಿಗನಸು ಅಂತ ಬರೆದುಕೊಳ್ಳುತ್ತೇನೆ. ತಿಳಿಸಾರಿನ ತಿಳಿಯೂ ಹೌದು, ತಿಳಿದುಕೊಳ್ಳುವ ತಿಳಿಯೂ ಹೌದು.

ಇದೆಲ್ಲಾ ಬರೀ ಕಲ್ಪನೆ ಇರಬಹುದು ಅಂತ ನಾನೂ ಮೊದಲು ಅಂದುಕೊಂಡಿದ್ದೆ. ನನ್ನ ಅನುಮಾನ ಬಿಡಿಸಿದ್ದು ಇಂಗ್ಲೆಂಡಿನ ಹಲ್ ಅನ್ನುವ ಊರಿನಲ್ಲಿ 1975ರಲ್ಲಿ ನಡೆದ ಒಂದು ಪ್ರಯೋಗ. ಗಾಢ ಕನಸು ಬೀಳುವ ಹೊತ್ತಿನಲ್ಲಿ, ಅಂದರೆ ರೆಮ್ ನಿದ್ದೆಯಲ್ಲಿ, ಮೆದುಳು ಕೈಕಾಲಿನ ಸ್ನಾಯುಗಳನ್ನು ಆಫ್ ಮಾಡಿಬಿಡುತ್ತದೆ. ಆದರೆ ಕಣ್ಣುಗುಡ್ಡೆ ಮತ್ತು ಉಸಿರು ನಡೆಯುತ್ತಲೇ ಇರುತ್ತವೆ. ಅದಕ್ಕೇ ಕೀತ್ ಹರ್ನ್ ಅನ್ನುವ ಸಂಶೋಧಕರು ಅಲನ್ ವರ್ಸ್‌ಲಿ ಅನ್ನುವವರ ಜೊತೆ ಮೊದಲೇ ಮಾತಾಡಿಕೊಂಡರು: ಕನಸು ಅಂತ ಗೊತ್ತಾದಾಗ ಕಣ್ಣನ್ನು ಎಡಕ್ಕೆ ಬಲಕ್ಕೆ ಇಷ್ಟು ಸಲ ಆಡಿಸಬೇಕು. ವರ್ಸ್‌ಲಿ ಕನಸಿನೊಳಗಿಂದಲೇ ಕಣ್ಣು ಆಡಿಸಿದರು. ಹೊರಗೆ ಯಂತ್ರದ ಕಾಗದದ ಮೇಲೆ ಗೀಟು ಬಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಬೇರೆಯಾಗಿಯೇ ಇದನ್ನು ಮಾಡಿ 1981ರಲ್ಲಿ ಪ್ರಕಟಿಸಿದರು. 2021ರಲ್ಲಿ ನಾಲ್ಕು ದೇಶಗಳ ಲ್ಯಾಬ್‌ಗಳು ಸೇರಿ ಇನ್ನೂ ಮುಂದೆ ಹೋದವು. ಕನಸಿನಲ್ಲಿ ಇರುವವರನ್ನು ಎಂಟರಲ್ಲಿ ಆರು ಕಳೆದರೆ ಎಷ್ಟು ಅಂತ ಹೊರಗಿನಿಂದ ಕೇಳಿದರು. ಒಳಗಿನಿಂದ ಎರಡು ಅಂತ ಕಣ್ಣಿನಲ್ಲೇ ಉತ್ತರ ಬಂತು.

ನನಗೆ ಮುಖ್ಯ ಅನ್ನಿಸಿದ್ದು ಆ ಉತ್ತರ ಅಲ್ಲ. ಲೆಕ್ಕ ಮಾಡುವಷ್ಟು ತಣ್ಣಗೆ ಅಲ್ಲಿ ನಿಂತಿರಲು ಸಾಧ್ಯ ಅನ್ನುವುದು. ನಾನಂತೂ ಆಗ ಕನಸಿನಲ್ಲಿ ನನ್ನ ಹೆಸರು ಹೇಳುವಷ್ಟರಲ್ಲಿ ಎದ್ದು ಕೂತಿರುತ್ತಿದ್ದೆ.

ಒಂದು ತೊಟ್ಟು ಎಣ್ಣೆ

ನಮ್ಮ ತಾತನದು ಪಾಂಡವಪುರದ ಹತ್ತಿರ ಒಂದು ಆಲೆಮನೆ. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಾ ಇರುವಾಗ ಒಂದು ಹೊತ್ತಿಗೆ ನೊರೆ ಬುಸ್ಸಂತ ಮೇಲೆ ಬರುತ್ತದೆ. ಹೊಸಬರಾದರೆ ಬೆಂಕಿ ಆರಿಸೋಕೆ ಓಡುತ್ತಾರೆ. ತಾತ ಓಡುತ್ತಿರಲಿಲ್ಲ. ಒಂದು ತೊಟ್ಟು ಎಣ್ಣೆ ಬಿಡುತ್ತಿದ್ದರು. ನೊರೆ ಹಾಗೇ ಕುಸಿಯುತ್ತಿತ್ತು. ಒಲೆಗೆ ರಚ್ಚು, ಅಂದರೆ ಹಾಲು ಹಿಂಡಿದ ಕಬ್ಬಿನ ಸಿಪ್ಪೆ, ತಳ್ಳುವವನಿಗೆ ಕೈಯಲ್ಲೇ 'ಸ್ವಲ್ಪ ತಡಿ' ಅನ್ನುವ ಸನ್ನೆ. ಬೆಂಕಿ ಮಾತ್ರ ಆರುತ್ತಿರಲಿಲ್ಲ. ಆರಿದರೆ ಪಾಕ ಕೆಟ್ಟಿತು.

ತಿಳಿಗನಸು ಕೆಡುವುದೂ ಹೀಗೇ ಎರಡು ಕಡೆಯಿಂದ. ಒಂದು, ಉಕ್ಕಿ ಹೋಗುವುದು: ಖುಷಿಯೋ ಹೆದರಿಕೆಯೋ ಜಾಸ್ತಿಯಾಗಿ ನಿದ್ದೆಯೇ ಹರಿದುಹೋಗುತ್ತದೆ. ಇನ್ನೊಂದು, ಬೆಂಕಿ ಆರಿಹೋಗುವುದು: ನಿದ್ದೆ ಇರುತ್ತದೆ, ಕನಸೂ ಇರುತ್ತದೆ, ಆದರೆ ಇದು ಕನಸು ಅನ್ನುವುದು ಮರೆತುಹೋಗುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ. ಜನ ಮೊದಲನೆಯದನ್ನು ಮಾತ್ರ ದೂರುತ್ತಾರೆ. ಎರಡನೆಯದು ಆಗಿದ್ದು ಗೊತ್ತೇ ಆಗುವುದಿಲ್ಲವಲ್ಲ!

ಮೊದಲ ಹತ್ತು ಎಣಿಕೆ

ಗೊತ್ತಾದ ಕೂಡಲೇ ಏನೂ ಮಾಡಬೇಡಿ. ಹಾರಬೇಡಿ, ಓಡಬೇಡಿ, ಯಾರನ್ನೂ ಕೂಗಬೇಡಿ. ಎಲ್ಲಿ ಇದ್ದೀರೋ ಅಲ್ಲೇ ನಿಲ್ಲಿ. ಹತ್ತರವರೆಗೆ ಎಣಿಸಿ. ಕನಸಿನಲ್ಲಿ ಹತ್ತು ಎಣಿಸಲು ಎಚ್ಚರದಲ್ಲಿ ಎಷ್ಟು ಹೊತ್ತು ಬೇಕೋ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಇದನ್ನೂ ಲಬರ್ಜ್ ಕಣ್ಣಿನ ಸನ್ನೆ ಇಟ್ಟುಕೊಂಡು ಅಳೆದಿದ್ದಾರೆ. ಹಾಗಾಗಿ ಟೈಮ್ ಸಾಲದು ಅನ್ನುವ ಆತುರ ಬೇಡ.

ಎಣಿಸುತ್ತಾ ಎರಡೂ ಅಂಗೈ ಉಜ್ಜಿ. ಚಳಿಗಾಲದಲ್ಲಿ ಪ್ಲಾಟ್‌ಫಾರಂ ಮೇಲೆ ನಿಂತು ಉಜ್ಜುತ್ತೇವಲ್ಲ, ಹಾಗೆ. ಅಂಗೈಯ ಒರಟು, ಬಿಸಿ, ಉಜ್ಜುವ ಸದ್ದು, ಮೂರನ್ನೂ ಗಮನಿಸಿ. ಇದು ನನ್ನ ಒಂದು ತೊಟ್ಟು ಎಣ್ಣೆ. ಗಮನ ಕನಸಿನ ಕೈಗಳ ಮೇಲೆ ಇರುವಷ್ಟು ಹೊತ್ತು ಹಾಸಿಗೆಯ ಮೇಲಿರುವ ಕೈಗಳ ಕಡೆಗೆ ಹೋಗುವುದಿಲ್ಲ.

ಆಮೇಲೆ ಹತ್ತಿರ ಇರುವ ಏನನ್ನಾದರೂ ಮುಟ್ಟಿ. ಗೋಡೆ, ಕಂಬ, ಟ್ರೈನಿನ ಕಿಟಕಿ ಸರಳು. ತಣ್ಣಗಿದೆಯಾ, ತುಕ್ಕು ಕೈಗೆ ಹತ್ತುತ್ತಾ ನೋಡಿ. ಆದರೆ ಒಂದನ್ನೇ ನೆಟ್ಟ ಕಣ್ಣಿನಿಂದ ನೋಡುತ್ತಾ ನಿಲ್ಲಬೇಡಿ. ನನಗೆ ಹಾಗೆ ಮಾಡಿದಾಗಲೆಲ್ಲಾ ದೃಶ್ಯ ಕರಗಿ ಎಚ್ಚರವಾಗಿದೆ. ಸಂತೆಯಲ್ಲಿ ತರಕಾರಿ ನೋಡುವ ಹಾಗೆ ಇದಿಷ್ಟು ಹೊತ್ತು, ಅದಿಷ್ಟು ಹೊತ್ತು, ಕಣ್ಣು ಆಡುತ್ತಿರಲಿ.

ಉಸಿರು ನಿಧಾನ. ಕನಸಿನೊಳಗೆ ಬೇಕಂತಲೇ ಉಸಿರು ಬದಲಿಸಿದರೆ ಮಲಗಿರುವ ದೇಹದ ಉಸಿರೂ ಬದಲಾಗುತ್ತದೆ ಅಂತ ಪ್ರಯೋಗದಲ್ಲೇ ತೋರಿಸಿದ್ದಾರೆ. ಹಾಗಾಗಿ ಅಲ್ಲಿ ಬಿಟ್ಟ ನಿಧಾನದ ಉಸಿರು ಸುಮ್ನೆ ಹೋಗುವುದಿಲ್ಲ.

ಬಾಯಲ್ಲಿ ಒಂದು ಮಾತು ಇರಲಿ. ನಾನು 'ಇದು ಕನಸು, ನಿಧಾನ' ಅನ್ನುತ್ತೇನೆ. ಮೆಲ್ಲಗೆ. ಮೊದಮೊದಲು 'ಇದು ಕನಸು, ನಾನು ಮಂಚದ ಮೇಲೆ ಮಲಗಿದ್ದೇನೆ' ಅನ್ನುತ್ತಿದ್ದೆ. ದಡ್ಡತನ. ಮಂಚ ಅಂದ ತಕ್ಷಣ ಬೆನ್ನಿಗೆ ಹಾಸಿಗೆ ತಗುಲಿತು, ಫ್ಯಾನಿನ ಸದ್ದು ಕೇಳಿತು, ಮುಗಿಯಿತು. ಮಲಗಿರುವ ದೇಹದ ಸುದ್ದಿ ಎತ್ತಲೇಬೇಡಿ.

ಇಷ್ಟೆಲ್ಲಾ ಮಾಡಿಯೂ ಬಣ್ಣ ಮಸುಕಾಗುತ್ತಾ ಬಂದರೆ ಒಂದು ಕೊನೆಯ ಉಪಾಯ ಇದೆ: ನಿಂತಲ್ಲೇ ಬುಗುರಿಯ ಹಾಗೆ ತಿರುಗುವುದು. ಇದೂ ಲಬರ್ಜ್ ಹೇಳಿದ್ದೇ. ತಿರುಗುವುದು ನಿಂತಾಗ ಸಾಮಾನ್ಯವಾಗಿ ಬೇರೆ ಜಾಗದಲ್ಲಿ ಇರುತ್ತೀರಿ. ತಿರುಗುವಾಗಲೇ 'ಮುಂದೆ ಕಾಣುವುದೂ ಕನಸೇ' ಅಂತ ಹೇಳಿಕೊಳ್ಳುತ್ತಿರಬೇಕು. ನಾನು ಮೂರು ಸಲ ಮಾಡಿದ್ದೇನೆ. ಮೂರು ಸಲವೂ ನಮ್ಮ ಅಡುಗೆಮನೆಗೇ ಬಂದು ಬಿದ್ದೆ. ಹೆಂಗಸರ ಹಣೆಬರಹ, ಕನಸಿನಲ್ಲೂ ಬಿಡಲ್ಲ.

ಟಿಸಿ ಪಾಸ್ ಕೇಳಿದ

ಈಗ ಬೆಂಕಿ ಆರುವ ಕಥೆ. ಒಂದು ಬೆಳಗಿನ ಜಾವ ಶ್ರೀರಂಗಪಟ್ಟಣದ ಕಾವೇರಿ ಸೇತುವೆಯ ಮೇಲೆ ಟ್ರೈನ್ ಹೋಗುತ್ತಿತ್ತು. ಕೆಳಗೆ ನೀರಿನ ಬದಲು ಕಬ್ಬಿನ ಗದ್ದೆ. ಆಹಾ, ಕನಸು! ಕೈ ಉಜ್ಜಿದೆ, ಎಣಿಸಿದೆ, ಎಲ್ಲಾ ಸರಿಯಾಗಿತ್ತು. ಅಷ್ಟರಲ್ಲಿ ಟಿಸಿ ಬಂದು ಪಾಸ್ ತೋರಿಸಿ ಅಂದ. ಬ್ಯಾಗಿನಲ್ಲಿ ಹುಡುಕಿದೆ. ಸಿಗಲಿಲ್ಲ. ಊಟದ ಡಬ್ಬಿ ತೆಗೆದೆ, ಛತ್ರಿ ತೆಗೆದೆ, ಲ್ಯಾಬಿನ ಬೀಗದ ಕೈ ಗೊಂಚಲು ತೆಗೆದೆ. ಪಾಸ್ ಇಲ್ಲ. ಮಂಡ್ಯ ಬರುವವರೆಗೂ ಹುಡುಕಿದೆ. ಎದ್ದ ಮೇಲೆ ಹೊಳೆಯಿತು: ಕನಸಿನ ಟಿಸಿಗೆ ಯಾವ ಪಾಸು!

ಕನಸು ನಿಮಗೆ ಕೆಲಸ ಹಚ್ಚುತ್ತದೆ. ಏನೋ ಕಳೆದಿದೆ, ಯಾರೋ ಕರೆಯುತ್ತಿದ್ದಾರೆ, ಪರೀಕ್ಷೆಗೆ ತಡವಾಗಿದೆ. ನೀವು ಆ ಕೆಲಸಕ್ಕೆ ಕೈ ಹಾಕಿದರೆ ಅರಿವು ಮೆಲ್ಲಗೆ ಜಾರುತ್ತದೆ. ಅದಕ್ಕೆ ಮದ್ದು ಅಂದರೆ, ನೀವೇ ಒಂದು ಸಣ್ಣ ಕೆಲಸ ಇಟ್ಟುಕೊಂಡು ಹೋಗುವುದು. ಮಲಗುವ ಮುಂಚೆಯೇ ತೀರ್ಮಾನ ಮಾಡಿರಬೇಕು. ನನ್ನ ಮೊದಲ ಕೆಲಸ ಸ್ಟೇಷನ್ ಬೋರ್ಡ್ ಓದುವುದು. ಆಮೇಲಿನದು ಪ್ಲಾಟ್‌ಫಾರಂ ಬೆಂಚುಗಳನ್ನು ಎಣಿಸುವುದು. ಕೇಳೋಕೆ ಬೋರು, ಅಲ್ವಾ? ಬೋರಾಗಿರುವುದೇ ಒಳ್ಳೆಯದು. ಉಕ್ಕುವುದಿಲ್ಲ, ಮರೆಯುವುದೂ ಇಲ್ಲ. ಹುಡುಗ ಕೇಳಿದ, "ಹಾರೋದು ಯಾವಾಗ ದೊಡ್ಡಮ್ಮ?" ಬೆಂಚು ಎಣಿಸಿ ಮುಗಿಸಿದ ಮೇಲೆ ಹಾರಪ್ಪ, ಯಾರು ಬೇಡ ಅಂದರು.

ಯಾರಾದರೂ ಮಾತಾಡಿಸಿದಾಗಲೆಲ್ಲಾ, ಜಾಗ ಬದಲಾದಾಗಲೆಲ್ಲಾ 'ಇದು ಕನಸು, ನಿಧಾನ' ಇನ್ನೊಂದು ಸಲ ಹೇಳಿ. ಒಂದು ಸಲ ಗೊತ್ತಾದರೆ ಕೊನೆಯವರೆಗೂ ಗೊತ್ತಿರುತ್ತದೆ ಅಂದುಕೊಳ್ಳಬೇಡಿ. ಕನಸಿನಲ್ಲಿ ನೆನಪು ಸೋರುವ ಬಿಂದಿಗೆ.

ಇದರ ಅಣ್ಣ ಇನ್ನೊಬ್ಬ ಇದ್ದಾನೆ: ಸುಳ್ಳು ಎಚ್ಚರ. ಎದ್ದೆ ಅನ್ನಿಸುತ್ತದೆ, ಆದರೆ ಎದ್ದಿರುವುದಿಲ್ಲ. ಒಂದು ಸಲ ನಾನು ಎದ್ದು, ಹಲ್ಲುಜ್ಜಿ, ಹಾಲಿಟ್ಟು, ಫಿಲ್ಟರಿಗೆ ಪುಡಿ ಹಾಕಿ, ಡಿಕಾಕ್ಷನ್ ಇಳಿಯುವುದನ್ನೇ ಕಾಯುತ್ತಿದ್ದೆ. ಹಾಲು ಉಕ್ಕಿತು. ಒಲೆಯ ಮೇಲಿಂದ ನೆಲಕ್ಕೆ, ನೆಲದಿಂದ ಹಾಲ್‌ಗೆ, ನಿಲ್ಲುತ್ತಲೇ ಇಲ್ಲ. ಅರ್ಧ ಲೀಟರ್ ಪ್ಯಾಕೆಟ್ಟಿನಲ್ಲಿ ಎಲ್ಲಿಂದ ಬರಬೇಕು ಅಷ್ಟು ಹಾಲು? ಲ್ಯಾಬಿನಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಕೈಗೆ ತೆಗೆದುಕೊಂಡರೆ ಮೊದಲು ಸೊನ್ನೆ ದೋಷ ನೋಡಿ ಅಂತ ಮಕ್ಕಳಿಗೆ ದಿನಾ ಹೇಳುತ್ತೇನೆ. ನನಗೇ ಹೇಳಿಕೊಳ್ಳಲು ಮರೆತಿದ್ದೆ. ಈಗ ಎಚ್ಚರವಾದಾಗಲೆಲ್ಲಾ, ಪ್ರತಿ ಸಲ, ಮೊದಲು ಮೂಗು ಹಿಡಿಯುತ್ತೇನೆ.

ಹಗಲಿನ ತಾಲೀಮು

ಮೂಗು ಹಿಡಿಯುವುದು ಅಂದರೆ ಎರಡು ಬೆರಳಲ್ಲಿ ಮೂಗು ಮುಚ್ಚಿ, ಬಾಯಿ ಮುಚ್ಚಿ, ಉಸಿರು ಎಳೆದು ನೋಡುವುದು. ಎಚ್ಚರದಲ್ಲಿ ಉಸಿರು ಬರುವುದಿಲ್ಲ. ಕನಸಿನಲ್ಲಿ ಸಾಮಾನ್ಯವಾಗಿ ಬರುತ್ತದೆ. ಕನಸಿನ ಮೂಗು ಮುಚ್ಚಿದರೆ ನಿಜದ ಮೂಗು ಮುಚ್ಚುವುದಿಲ್ಲವಲ್ಲ.

ಇನ್ನೊಂದು ಪರೀಕ್ಷೆ ಓದುವುದು. ಕನಸಿನಲ್ಲಿ ಅಕ್ಷರ ನಿಲ್ಲುವುದು ಕಷ್ಟ. ಒಂದು ಸಲ ಓದಿ, ಕಣ್ಣು ಬೇರೆ ಕಡೆ ತಿರುಗಿಸಿ, ಮತ್ತೆ ಓದಿದರೆ ಬೇರೆ ಏನೋ ಇರುತ್ತದೆ. ಮೈಸೂರು ಬಿಟ್ಟ ಮೇಲೆ ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಯಲಿಯೂರು. ಹಳದಿ ಹಲಗೆ, ಕಪ್ಪು ಅಕ್ಷರ. ಪ್ರತಿ ಬೋರ್ಡನ್ನೂ ಎರಡು ಸಲ ಓದುತ್ತೇನೆ. ಬರೀ ಓದಿದರೆ ಪ್ರಯೋಜನ ಇಲ್ಲ, 'ಈಗ ಕನಸಾ?' ಅಂತ ನಿಜವಾಗಿ ಅನುಮಾನ ಪಡಬೇಕು. ಮೊದಲ ವರ್ಷ ನಾನು ಜಪದ ಹಾಗೆ ಮಾಡಿದೆ, ಏನೂ ಆಗಲಿಲ್ಲ. ಅನುಮಾನ ಪಡಲು ಶುರು ಮಾಡಿದ ಮೂರನೇ ವಾರಕ್ಕೆ ಕನಸಿನಲ್ಲಿ ಪಾಂಡವಪುರದ ಬೋರ್ಡು ಎರಡನೇ ಸಲ ಓದುವಾಗ 'ಪಾವಡಪುಣ' ಆಗಿತ್ತು.

ಒಂದು ಮಾತು ಖಡಾಖಂಡಿತವಾಗಿ. ಕನಸೋ ನಿಜವೋ ನೋಡಲು ಎತ್ತರದಿಂದ ಹಾರುವುದು, ರಸ್ತೆಗೆ ಇಳಿಯುವುದು, ಟ್ರೈನಿನ ಬಾಗಿಲಿಂದ ಬಗ್ಗುವುದು, ಇಂಥದ್ದು ಯಾವತ್ತೂ ಬೇಡ. ತಪ್ಪಾದರೂ ತೊಂದರೆಯಾಗದಂಥ ಪರೀಕ್ಷೆ ಮಾತ್ರ ಪರೀಕ್ಷೆ.

ತಣ್ಣಗಿರುವುದನ್ನೂ ಹಗಲೇ ಕಲಿಯಬೇಕು, ರಾತ್ರಿ ಹೊಸದಾಗಿ ಬರುವುದಿಲ್ಲ. ಮಲಗುವ ಮುಂಚೆ ಐದು ನಿಮಿಷ ಕಣ್ಣು ಮುಚ್ಚಿ, ಕನಸು ಅಂತ ಗೊತ್ತಾದ ಗಳಿಗೆಯನ್ನೇ ಕಲ್ಪಿಸಿಕೊಳ್ಳುತ್ತೇನೆ. ನಿಲ್ಲುವುದು, ಎಣಿಸುವುದು, ಕೈ ಉಜ್ಜುವುದು, ಸರಳು ಮುಟ್ಟುವುದು. ಹಗಲು ಯಾವುದಕ್ಕಾದರೂ ಎದೆ ಹಾರಿದಾಗಲೂ, ಲ್ಯಾಬಿನಲ್ಲಿ ಗಾಜಿನ ಪಟ್ಟಕ ಒಡೆದಾಗಲೂ, ಇದನ್ನೇ ಮಾಡುತ್ತೇನೆ. ಮಕ್ಕಳು ಮೇಡಂ ಯಾಕೆ ಕೈ ಉಜ್ಜುತ್ತಾರೆ ಅಂತ ನೋಡುತ್ತಾರೆ. ನೋಡಲಿ.

ಕನಸಿನ ಪುಸ್ತಕಕ್ಕೆ ಮಕ್ಕಳು ಬಿಟ್ಟುಹೋದ ಹಳೇ ಪ್ರಾಕ್ಟಿಕಲ್ ರೆಕಾರ್ಡ್ ಸಾಕು. ಬಲಗಡೆ ಗೆರೆ ಇರುವ ಹಾಳೆಯಲ್ಲಿ ಕನಸು ಬರೆಯಿರಿ, ಎಡಗಡೆಯ ಖಾಲಿ ಹಾಳೆಯಲ್ಲಿ ಹೇಗೆ ಮುಗಿಯಿತು ಅಂತ ಬರೆಯಿರಿ. ಉಕ್ಕಿತಾ, ಆರಿತಾ? ಎರಡು ತಿಂಗಳಿಗೆ ನಿಮ್ಮ ದೋಷ ಯಾವ ಕಡೆಯದು ಅಂತ ಗೊತ್ತಾಗುತ್ತದೆ.

ಹೊತ್ತಿನ ವಿಷಯ ಚಿಕ್ಕದು. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಬರುತ್ತದೆ, ಬೆಳಗಾಗುತ್ತಾ ಕನಸಿನ ಭಾಗ ಉದ್ದವಾಗುತ್ತದೆ. ಹಾಗಾಗಿ ಐದು ಗಂಟೆ ನಿದ್ದೆಯಾದ ಮೇಲೆ ಎದ್ದು, ಇಪ್ಪತ್ತು ನಿಮಿಷ ಕೂತು, ಮತ್ತೆ ಮಲಗಿದರೆ ಅವಕಾಶ ಜಾಸ್ತಿ. ನಾನು ಶನಿವಾರ ರಾತ್ರಿ ಮಾತ್ರ ಮಾಡುತ್ತೇನೆ. ಉಳಿದ ದಿನ ಟ್ರೈನ್ ಹಿಡಿಯಬೇಕು. ನಿದ್ದೆಗೆಟ್ಟು ಕನಸು ಹುಡುಕುವುದು ಬಡ್ಡಿಗೆ ಸಾಲ ತಂದು ಜಾತ್ರೆ ಮಾಡಿದ ಹಾಗೆ.

ಎದೆ ಮೇಲೆ ಕೂತದ್ದು

ಈ ಆಟದಲ್ಲಿ ಒಮ್ಮೊಮ್ಮೆ ಎಚ್ಚರವಾಗುತ್ತದೆ, ಕೈಕಾಲು ಅಲ್ಲಾಡುವುದಿಲ್ಲ, ಎದೆ ಮೇಲೆ ಯಾರೋ ಕೂತ ಹಾಗೆ, ಕೋಣೆಯಲ್ಲಿ ಯಾರೋ ಇರುವ ಹಾಗೆ ಅನ್ನಿಸುತ್ತದೆ. ನಮ್ಮ ಊರಲ್ಲಿ ದೆವ್ವ ಅಮುಕುತ್ತೆ ಅನ್ನುತ್ತಿದ್ದರು. ನನ್ನ ಅಜ್ಜಿ ದಿಂಬಿನ ಕೆಳಗೆ ಕುಡುಗೋಲು ಇಡುತ್ತಿದ್ದರು. ಕನಸಿನ ಹೊತ್ತಿಗೆ ಆಫ್ ಆದ ಸ್ನಾಯುಗಳು ಆನ್ ಆಗುವ ಮುಂಚೆಯೇ ಮೆದುಳು ಎದ್ದಿರುತ್ತದೆ, ಅಷ್ಟೇ. ಸ್ವಲ್ಪ ಹೊತ್ತಿನಲ್ಲಿ ತಾನೇ ಬಿಡುತ್ತದೆ. ಬಿಡಿಸಿಕೊಳ್ಳಲು ಒದ್ದಾಡಿದರೆ ಹೆದರಿಕೆ ಏರುತ್ತದೆ. ಉಸಿರು ನಿಮ್ಮ ಕೈಯಲ್ಲಿದೆ, ಅದನ್ನು ನಿಧಾನ ಮಾಡಿ. ಕಾಲಿನ ಒಂದು ಬೆರಳನ್ನು ಮಾತ್ರ ಅಲ್ಲಾಡಿಸಲು ನೋಡಿ. ಪದೇ ಪದೇ ಆಗುತ್ತಿದ್ದರೆ ಎದ್ದು ಮಲಗುವ ಆಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಕನಸಿನೊಳಗೇ ಹೆದರಿಕೆ ಬಂದರೆ? ನನಗೆ ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಟಿಬೆಟಿನ ಬೌದ್ಧರಲ್ಲಿ ಕನಸಿನ ಯೋಗ ಅನ್ನುವುದೇ ಇದೆ. ಅದರಲ್ಲಿ, ಕನಸಿನಲ್ಲಿ ಬೆಂಕಿ ಬಂದರೆ ಕನಸಿನ ಬೆಂಕಿಗೆ ಯಾವ ಹೆದರಿಕೆ ಅಂತ ಅದನ್ನು ತುಳಿದು ನಿಲ್ಲು ಅನ್ನುವ ಪಾಠವಿದೆ. ಬೈಲಕುಪ್ಪೆ ನಮ್ಮ ಜಿಲ್ಲೆಯಲ್ಲೇ ಇದ್ದರೂ ನಾನು ಅಲ್ಲಿಗೆ ಹೋಗಿದ್ದು ಚಿನ್ನದ ಬಣ್ಣದ ಬುದ್ಧನನ್ನು ನೋಡಿ ಮೊಮೊ ತಿಂದು ಬರಲು ಮಾತ್ರ. ತುಳಿಯುವಷ್ಟು ಧೈರ್ಯ ನನಗಿಲ್ಲ. ನಾನು ನೆಲದ ಮೇಲೆ ಕೂತುಬಿಡುತ್ತೇನೆ. ಅಂಗೈ ನೆಲಕ್ಕೆ ಒತ್ತುತ್ತೇನೆ. ಎರಡು ಸಲ ನಾಯಿ ಬಂದು ಮೂಸಿ ಹೋಗಿದೆ. ಒಂದು ಸಲ ಕಚ್ಚಿತು, ನೋವಾಗಲಿಲ್ಲ.

ಇದು ಎಲ್ಲರಿಗೂ ಅಲ್ಲ. ಇಲ್ಲದ ದನಿ ಕೇಳುವುದು, ವಿಪರೀತ ಉಮೇದು ಏರುವುದು ಇಂಥ ತೊಂದರೆಗೆ ಚಿಕಿತ್ಸೆ ಪಡೆಯುತ್ತಿರುವವರು, ದೊಡ್ಡ ಆಘಾತದ ನಂತರ ಕೆಟ್ಟ ಕನಸು ಕಾಣುತ್ತಿರುವವರು ತಮ್ಮ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಹಗಲಿನಲ್ಲಿ ಇದು ನಡೆದದ್ದಾ ಕನಸಾ ಅಂತ ಗೊಂದಲ ಆಗಲು ಶುರುವಾದರೆ ಯಾರಾದರೂ ಸರಿ, ನಿಲ್ಲಿಸಿ.

ತಾತ ತೀರಿಕೊಂಡು ಇಪ್ಪತ್ತೇಳು ವರ್ಷ. ಎರಡು ವರ್ಷದ ಹಿಂದೆ ತಿಳಿಗನಸಿನಲ್ಲಿ ಮೊದಲ ಸಲ ಸಿಕ್ಕಿದರು. ಗದ್ದೆ ಬದುವಿನ ಮೇಲೆ ನಿಂತಿದ್ದರು. ಮೇಲೆ ಬರೆದ ಪಾಠ ಎಲ್ಲಾ ಮರೆತು "ತಾತಾ" ಅಂತ ಕೂಗಿ ಓಡಿದೆ. ಎರಡು ಹೆಜ್ಜೆ. ಫ್ಯಾನಿನ ಸದ್ದು ಕೇಳಿತು. ಆವತ್ತು ಕಾಲೇಜಿಗೆ ರಜೆ ಹಾಕಿದೆ.

ಹೋದ ನವೆಂಬರಿನಲ್ಲಿ ಮತ್ತೆ. ಆಲೆಮನೆ, ಹೊಗೆ, ಕೊಪ್ಪರಿಗೆ. ಎದೆ ಏರುವುದು ಗೊತ್ತಾಯಿತು. ಕೈ ಉಜ್ಜಿದೆ. ಹತ್ತು ಎಣಿಸಿದೆ. ಆಲೆಮನೆಯ ಮಣ್ಣಿನ ಗೋಡೆ ಮುಟ್ಟಿದೆ, ಬೆಚ್ಚಗಿತ್ತು. ಮುಖ ನೋಡಿದರೆ ಉಕ್ಕುತ್ತೇನೆ ಅಂತ ಗೊತ್ತಿತ್ತು, ಅದಕ್ಕೆ ಮೊದಲು ಪಾದ ನೋಡಿದೆ. ಬೂದಿ ಹತ್ತಿದ ಪಾದ. ಆಮೇಲೆ ಕೈ. ಆಮೇಲೆ ಮುಖ.

"ತಾತ, ಪಾಕ ಬಂತಾ?" ಅಂತ ಕೇಳಿದೆ, ಮೆಲ್ಲಗೆ.

ಉತ್ತರ ಕೊಡಲಿಲ್ಲ. ಒಂದು ಕಬ್ಬಿನ ತುಂಡನ್ನು ಪಾಕಕ್ಕೆ ಅದ್ದಿ ನನ್ನ ಕೈಗೆ ಕೊಟ್ಟರು, ಚಿಕ್ಕಂದಿನಲ್ಲಿ ಕೊಡುತ್ತಿದ್ದ ಹಾಗೇ. ನೆಕ್ಕಿದೆ. ಸುತ್ತ ಇದ್ದದ್ದೆಲ್ಲಾ ತೆಳ್ಳಗಾಗುತ್ತಾ ಬಂತು. ತಿರುಗಬಹುದಿತ್ತು. ತಿರುಗಲಿಲ್ಲ.

ಎದ್ದು ಮೂಗು ಹಿಡಿದೆ. ಉಸಿರು ಬರಲಿಲ್ಲ. ಗಡಿಯಾರ 5 ಗಂಟೆ 40 ನಿಮಿಷ ತೋರಿಸುತ್ತಿತ್ತು, ಎರಡು ಸಲ ನೋಡಿದರೂ ಅಷ್ಟೇ. ರೆಕಾರ್ಡಿನ ಎಡಗಡೆಯ ಹಾಳೆಯಲ್ಲಿ ಉಕ್ಕಿಲ್ಲ, ಆರಿಲ್ಲ ಅಂತ ಬರೆದೆ. ಬಲಗಡೆ: ಬಿಸಿ ಇತ್ತು. ಸಿಹಿ ಇರಲಿಲ್ಲ.